ಕೋಯಾ ಬೆಟ್ಟದ ಹೊರಬಾಗಿಲು

ದೇಶಸಂಚಾರವು ಪಂಡಿತರ ಸಹವಾಸದಂತೆಯೇ ಬುದ್ಧಿಗೆ ಸಾಣೆ ಹಿಡಿಯುವುದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವರ ಕಾಲಕ್ಕೆ ದೇಶಸಂಚಾರವೆಂದರೆ ಕಾಶೀ ರಾಮೇಶ್ವರಗಳು, ಶಕ್ತಿಯುಳ್ಳವರಿಗೆ ಬದರಿ. ಸಮುದ್ರವನ್ನು ದಾಟಿದವನಿಗೆ ಪಂಕ್ತಿಯಲ್ಲಿ ಎಲೆ ಹಾಕಬಹುದೇ ಕೂಡದೇ ಎಂದು ಹಿಂದಿನವರು ಜಗಲಿಯ ಮೇಲೆ ಕುಳಿತು ಚರ್ಚಿಸಿದ್ದೂ ಉಂಟು. ಅಂತಹ ಮನೆಯಲ್ಲಿ ಹುಟ್ಟಿ, ಸಂಸ್ಕೃತವನ್ನೋದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಾವು, ಅರುವತ್ತರ ಹೊಸ್ತಿಲಿನಲ್ಲಿ ಜಪಾನು ದೇಶದ ಒಂದು ಪುಣ್ಯಪರ್ವತವನ್ನು ಮೋಟಾರಿನಲ್ಲಿ ಹತ್ತಿ ಅದೇ ದಿವಸ ಇಳಿದು ಬಂದೆವು. ಊರಿಗೆ ಹಿಂದಿರುಗಿದ ಮೇಲೆ ಕಂಡ ಮಿತ್ರರೆಲ್ಲರೂ ಕೇಳುವ ಪ್ರಶ್ನೆಯೊಂದೇ: “ಅಲ್ಲಿ ನಮ್ಮದು ಏನಾದರೂ ಉಂಟೇ?” ಉಂಟು. ಆದರೆ ಅದನ್ನು ನಮ್ಮದೆನ್ನುವುದಕ್ಕೆ ಮುಂಚೆ, ಅದನ್ನು ಕಾಪಾಡಿದವರು ಯಾರು, ಅದರ ಬಾಗಿಲಿನಿಂದ ಹೊರಗೆ ನಿಂತವರು ಯಾರು ಎಂಬುದನ್ನೂ ಹೇಳಬೇಕಾಗುವುದು. ಅಷ್ಟನ್ನು ವಾಚಕರಲ್ಲಿ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶವಾಗಿದೆ.

ನಮ್ಮ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ಓಸಾಕಾ ನಗರದಲ್ಲಿ ಸಂಸಾರ ಹೂಡಿರುವರು. ಅವರಿಗೆ ಏಳು ವರ್ಷದ ಒಬ್ಬಳೇ ಮಗಳು. ಹುಟ್ಟಿದ್ದೂ ಬೆಳೆಯುತ್ತಿರುವುದೂ ಅಲ್ಲಿಯೇ. ೨೦೨೫ನೆಯ ಇಸವಿಯ ವಸಂತದಲ್ಲಿ ನಾವೂ ನಮ್ಮ ಮನೆಯಾಕೆಯೂ ಎರಡು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು. ಮಗುವು ಕನ್ನಡವನ್ನು ಆಡುತ್ತದೆ, ಓದಲು ಬರೆಯಲು ತಿಳಿಯದು. ಆಕೆಯು ಊರಿನಿಂದಲೇ ಒಂದು ಪಾಟಿಯನ್ನೂ ಬಳಪಗಳನ್ನೂ ಬಟ್ಟೆಗಳ ನಡುವೆ ಸುತ್ತಿ ತಂದಿದ್ದಳು. ಮಗುವು ಅದನ್ನು ನೋಡಿ ಬಹಳ ವಿನಯದಿಂದ, “ಅಜ್ಜಿ, ನನಗೆ ಆಗಲೇ ಮೂರು ಬಗೆಯ ಅಕ್ಷರ ಇದೆ. ನಾಲ್ಕನೆಯದು ಬೇಡ” ಎಂದಿತು. ಮಾತು ಸುಳ್ಳಲ್ಲ. ಜಪಾನಿನ ಮಕ್ಕಳು ಹಿರಗಾನ, ಕತಾಕಾನ ಎಂಬ ಎರಡು ಅಕ್ಷರಮಾಲೆಗಳನ್ನೂ, ಅವುಗಳ ಮೇಲೆ ಚೀನದಿಂದ ಬಂದ ಕಾಂಜಿ ಎಂಬ ಭಾವಲಿಪಿಯನ್ನೂ ಕಲಿಯಬೇಕು. ಪಾಟಿಯು ಮತ್ತೆ ಪೆಟ್ಟಿಗೆಯನ್ನು ಸೇರಿತು. ನಮ್ಮ ಮಗಳಿಗೆ ಅಕ್ಕಿಯ ತಟ್ಟೆಯಲ್ಲಿ ಬೆರಳು ಹಿಡಿದು ಮೊದಲ ಅಕ್ಷರವನ್ನು ತಿದ್ದಿಸಿದವಳು ನಮ್ಮ ಅಕ್ಕ. ಆಕೆ ತೀರಿಕೊಂಡು ಆರು ವರ್ಷಗಳಾದುವು. ಆ ಅಕ್ಷರವು ಈ ಮಗುವಿನವರೆಗೆ ಬಾರದೆ ನಿಂತುಹೋಗುವುದೋ ಏನೋ ಎಂಬ ವ್ಯಥೆಯು ನಮ್ಮಿಬ್ಬರ ಮನಸ್ಸಿನಲ್ಲಿಯೂ ಇದ್ದಿತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಹೀಗಿರಲು ಒಂದು ಶನಿವಾರ ಎಲ್ಲಿಗಾದರೂ ಹೋಗೋಣವೆಂದು ಅಳಿಯನು ಹೇಳಲಾಗಿ, ಕೋಯಾ ಪರ್ವತಕ್ಕೆ ಎಂದು ನಾವೇ ಕೇಳಿಕೊಂಡೆವು. ಆ ಬೆಟ್ಟದ ಮೇಲೆ ಸಂಸ್ಕೃತಾಕ್ಷರಗಳಿಗೆ ಪೂಜೆ ನಡೆಯುವುದೆಂದು ವಿದ್ಯಾರ್ಥಿದೆಸೆಯಲ್ಲಿಯೇ ಓದಿದ್ದೆವು. ಏಪ್ರಿಲಿನ ಮೂರನೆಯ ವಾರವು ಕಳೆದಿದ್ದಿತು. ಓಸಾಕಾದಲ್ಲಿ ಸಾಕುರಾ ಹೂಗಳು ಉದುರಿ ಮರಗಳೆಲ್ಲ ಹಸಿರಾಗಿದ್ದುವು. ಬೆಟ್ಟದ ಮೇಲಿನ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿರುವುದರಿಂದ ವಸಂತವು ಅಲ್ಲಿಗೆ ತಡವಾಗಿ ಹತ್ತುತ್ತದೆಂದೂ, ಹೂ ಈಗ ತಾನೇ ಅರಳಿರುವುದೆಂದೂ ಮಗಳು ಹೇಳಿದಳು.

ಬೆಳಗಿನ ಆರು ಗಂಟೆಗೆ ಹೊರಟೆವು. ಅಲ್ಲಿಯೂ ನಮ್ಮಲ್ಲಿಯಂತೆ ಗಾಡಿಗಳು ರಸ್ತೆಯ ಎಡಪಕ್ಕದಲ್ಲಿ ಹೋಗುವುವು. ಆದಕಾರಣ ಪರದೇಶದ ಮೋಟಾರಿನಲ್ಲಿ ಕುಳಿತವರಿಗೆ ಆಗುವ ತಲೆತಿರುಗು ನಮಗೆ ಆಗಲಿಲ್ಲ. ದಕ್ಷಿಣಾಭಿಮುಖವಾಗಿ ಸಾಗಿ, ಕಾವಾಚಿನಗಾನೊ ಎಂಬ ಊರನ್ನು ಕಳೆದು, ಬೆಟ್ಟದ ಹೊಟ್ಟೆಯೊಳಗೆ ಕೊರೆದಿರುವ ಸುರಂಗದಲ್ಲಿ ಹಾದು ಹೊರಬಿದ್ದರೆ ಕೀನದಿಯ ಬಯಲು. ನದಿಯ ಎರಡು ದಂಡೆಗಳಲ್ಲಿಯೂ ಕಾಕಿ ಹಣ್ಣಿನ ತೋಟಗಳು. ಕೊಂಬೆಗಳ ತುಂಬ ಆಗ ತಾನೇ ಬಿಟ್ಟ, ಎಣ್ಣೆ ಸವರಿದಂತಿದ್ದ ಎಳೆಯ ಎಲೆ. ನದಿಯಾಚೆಯ ಗುಡ್ಡಗಳ ತಪ್ಪಲಿನಲ್ಲಿ ಕುದೊಯಾಮ ಎಂಬ ಸಣ್ಣ ಊರು. ನಮ್ಮ ಮೊದಲನೆಯ ತಂಗುದಾಣವು ಅಲ್ಲಿಯೇ.

ಇಲ್ಲಿ ಬೆಟ್ಟದ ಕಥೆಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯದು. ಕ್ರಿ. ಶ. ೭೭೪ರಲ್ಲಿ ಜಪಾನಿನ ಶಿಕೋಕು ದ್ವೀಪದಲ್ಲಿ ಹುಟ್ಟಿದ ಕೂಕಾಯ್ ಎಂಬ ಭಿಕ್ಷುವು ೮೦೪ರಲ್ಲಿ ರಾಯಭಾರಿಗಳ ಹಡಗಿನಲ್ಲಿ ಚೀನಕ್ಕೆ ಹೋದನು. ಅವನ ಹೆಸರಿನ ಎರಡು ಅಕ್ಷರಗಳಿಗೆ ಆಕಾಶ, ಸಮುದ್ರ ಎಂದರ್ಥ. ಚೀನದ ರಾಜಧಾನಿಯಲ್ಲಿ ಹುಯಿಕ್ವೊ ಎಂಬ ಆಚಾರ್ಯನಿಂದ ಮಂತ್ರಮಾರ್ಗದ ಬೌದ್ಧದೀಕ್ಷೆಯನ್ನು ಪಡೆದನು. ಆ ಆಚಾರ್ಯನ ಗುರು ಅಮೋಘವಜ್ರ. ಅಮೋಘವಜ್ರನ ಗುರು ದಕ್ಷಿಣ ಭಾರತದಿಂದ ಸಮುದ್ರಮಾರ್ಗವಾಗಿ ಚೀನಕ್ಕೆ ಹೋಗಿದ್ದ ವಜ್ರಬೋಧಿ. ಅದೇ ನಗರದಲ್ಲಿದ್ದ, ಭರತಖಂಡದ ವಾಯವ್ಯ ಸೀಮೆಯ ಪ್ರಜ್ಞನೆಂಬ ಭಿಕ್ಷುವಿನ ಬಳಿ ಕೂಕಾಯನು ಸಂಸ್ಕೃತವನ್ನು ಕಲಿತನು. ೮೦೬ರಲ್ಲಿ ಗ್ರಂಥಗಳ ಸಮೇತ ಸ್ವದೇಶಕ್ಕೆ ಮರಳಿ, ೮೧೬ರಲ್ಲಿ ಸಾಗಾ ಚಕ್ರವರ್ತಿಯಿಂದ ಕೋಯಾ ಪರ್ವತವನ್ನು ಪಡೆದು ಅಲ್ಲಿ ಆಶ್ರಮವನ್ನು ಸ್ಥಾಪಿಸಿದನು. ಆ ಕಾಲಕ್ಕೆ ನಮ್ಮ ನಾಡಿನಲ್ಲಿ ನೃಪತುಂಗನು ಬಾಲಕನಾಗಿ ಪಟ್ಟಕ್ಕೆ ಬಂದು ಎರಡು ವರ್ಷಗಳಾಗಿದ್ದುವು. ಕೂಕಾಯನು ೮೩೫ರಲ್ಲಿ ಆ ಬೆಟ್ಟದ ಮೇಲೆಯೇ ಸಮಾಧಿಸ್ಥನಾದನು. ೯೨೧ರಲ್ಲಿ ಚಕ್ರವರ್ತಿಯು ಅವನಿಗೆ ಕೋಬೋ ದೈಶಿ, ಅಂದರೆ ಧರ್ಮವನ್ನು ಹರಡಿದ ಮಹಾಚಾರ್ಯ, ಎಂಬ ಬಿರುದನ್ನು ಕೊಟ್ಟನು.

ಇಷ್ಟು ದೊಡ್ಡವನಾದ ಮಗನನ್ನು ನೋಡಬೇಕೆಂದು ಅವನ ವೃದ್ಧಮಾತೆಯು ಶಿಕೋಕುವಿನಿಂದ ಬಂದಳೆಂದು ಐತಿಹ್ಯ. ಆದರೆ ಬೆಟ್ಟಕ್ಕೆ ಸ್ತ್ರೀಯರು ಹತ್ತಕೂಡದೆಂದು ನಿಯಮ. ತಾಯಿಯೂ ಅದಕ್ಕೆ ಹೊರತಲ್ಲ. ಆಕೆಯು ತಪ್ಪಲಿನ ಜಿಸೊನ್-ಇನ್ ಎಂಬ ಆಲಯದಲ್ಲಿ ನಿಂತಳು. ಮಗನು ತಿಂಗಳಿಗೆ ಒಂಬತ್ತು ಸಾರಿ ಬೆಟ್ಟವನ್ನಿಳಿದು ಬಂದು ತಾಯಿಯನ್ನು ನೋಡಿ ಹೋಗುತ್ತಿದ್ದನಂತೆ. ಕುದೊಯಾಮ ಎಂದರೆ ‘ಒಂಬತ್ತು ಸಾರಿಯ ಬೆಟ್ಟ’. ಊರಿನ ಹೆಸರು ಆ ಮಾತೃಭಕ್ತಿಯ ನೆನಪೆಂದು ಅಲ್ಲಿಯವರು ಹೇಳುವರು. ಜಿಸೊನ್-ಇನ್ನಿನಲ್ಲಿ ಮೈತ್ರೇಯಬುದ್ಧನ ಪ್ರತಿಷ್ಠೆಯಿದೆ. ಬಸಿರಿ ಬಾಣಂತಿಯರು ಅಲ್ಲಿ ಹರಕೆ ಹೊರುವರು. ಬಟ್ಟೆಯಿಂದ ಮಾಡಿದ ಸ್ತನಗಳ ಜೋಡಿಗಳನ್ನು ಹಲಗೆಗೆ ಕಟ್ಟಿ ಒಪ್ಪಿಸಿರುವುದನ್ನು ಕಂಡೆವು. ನಮ್ಮ ಮನೆಯಾಕೆಯು ಅವುಗಳ ಮುಂದೆ ಬಹಳ ಹೊತ್ತು ನಿಂತಿದ್ದು, “ಮಗ ಒಂಬತ್ತು ಸಾರಿ ಇಳಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮಿಕ್ಕ ಇಪ್ಪತ್ತೊಂದು ದಿನ ಆ ತಾಯಿ ಬೆಟ್ಟ ನೋಡುತ್ತಾ ಕುಳಿತಿದ್ದಳಲ್ಲ, ಅದನ್ನು ಯಾರು ಹೇಳುತ್ತಾರೆ?” ಎಂದಳು. ನಾವು ಏನೂ ಹೇಳಲಿಲ್ಲ. ಮಗಳು ತಾಯಿಯ ಕೈಯನ್ನು ಹಿಡಿದುಕೊಂಡಳು.

ಆಲಯದ ಹಿಂದಿನ ಮೆಟ್ಟಿಲುಗಳ ಪಕ್ಕದಲ್ಲಿ ಆಳೆತ್ತರಕ್ಕೂ ಮಿಗಿಲಾದ ಒಂದು ಶಿಲಾಸ್ತಂಭವಿದೆ. ಬೆಟ್ಟದ ಮೇಲಿನ ಮಹಾಸ್ತೂಪದವರೆಗೆ ಕಾಲುದಾರಿಯುದ್ದಕ್ಕೂ ಇಂತಹ ೧೮೦ ಕಂಬಗಳನ್ನು ನೆಟ್ಟಿರುವರು. ಒಂದೊಂದಕ್ಕೂ ನಡುವೆ ಒಂದು ‘ಚೋ’, ಎಂದರೆ ಸುಮಾರು ೧೦೯ ಮೀಟರು ಅಂತರ. ೧೨೬೫ರಲ್ಲಿ ಮೊದಲಾದ ಕೆಲಸವು ೧೨೮೫ರಲ್ಲಿ ಮುಗಿಯಿತು. ತಪ್ಪಲಿನದು ೧೮೦ನೆಯದು, ಹತ್ತಿದಂತೆಲ್ಲ ಎಣಿಕೆಯು ಇಳಿಯುವುದು. ಕಂಬದ ನೆತ್ತಿಯ ಕೆಳಗೆ ಆಳವಾಗಿ ಕೊರೆದಿದ್ದ ಒಂದು ದೊಡ್ಡ ಅಕ್ಷರವನ್ನು ಕಂಡು ನಮ್ಮ ಎದೆಯು ಒಮ್ಮೆ ಹಾರಿತು. ಅದು ಚೀನದ್ದಲ್ಲ, ಜಪಾನಿನದೂ ಅಲ್ಲ; ನಮ್ಮ ಬ್ರಾಹ್ಮಿಯ ಮೊಮ್ಮಗಳಾದ ‘ಸಿದ್ಧಂ’ ಲಿಪಿಯ ಬೀಜಾಕ್ಷರ. ಗುಪ್ತರ ಕಾಲದ ಬರೆವಣಿಗೆಯಿಂದ ಬೆಳೆದು, ಚೀನಕ್ಕೆ ಹೋಗಿ, ಅಲ್ಲಿಂದ ಈ ದ್ವೀಪಗಳಿಗೆ ಬಂದ ಲಿಪಿ ಇದು. ಜಪಾನಿನಲ್ಲಿ ಇದನ್ನು ‘ಬೊಂಜಿ’, ಬ್ರಹ್ಮಾಕ್ಷರ, ಎನ್ನುವರು. ಹುಟ್ಟಿದ ದೇಶದಲ್ಲಿ ಇದರ ಬಳಕೆಯು ತಪ್ಪಿ ಎಷ್ಟೋ ಶತಮಾನಗಳಾದುವು. ದಕ್ಷಿಣದ ಕೆಲವು ಕಡೆಗಳಲ್ಲಿ ಅಕ್ಷರಾಭ್ಯಾಸದ ದಿನ ಮಗುವಿನ ಕೈಯಲ್ಲಿ ‘ಸಿದ್ಧಂ ನಮಃ’ ಎಂದು ಬರೆಯಿಸುತ್ತಿದ್ದ ಪದ್ಧತಿಯೊಂದರಲ್ಲಿ ಅದರ ಹೆಸರಿನ ನೆರಳು ಉಳಿದುಕೊಂಡಿತ್ತು. ನಮ್ಮ ಅಕ್ಕನು ತಿದ್ದಿಸುತ್ತಿದ್ದುದೂ ಹಾಗೆಯೇ.

ಕುದೊಯಾಮದಿಂದ ಮೇಲಕ್ಕೆ ಮೋಟಾರಿನ ರಸ್ತೆಯು ಹಾವಿನಂತೆ ಸುತ್ತಿ ಸುತ್ತಿ ಏರುವುದು. ಒಂದು ಪಕ್ಕದಲ್ಲಿ ತೊರೆ, ಇನ್ನೊಂದು ಪಕ್ಕದಲ್ಲಿ ಸುಗಿ ಎಂಬ ದೇವದಾರು ಜಾತಿಯ ಮರಗಳ ಕತ್ತಲೆ. ಒಂದೊಂದು ತಿರುವಿನಲ್ಲಿಯೂ ಚಳಿಯು ಒಂದೊಂದು ಮೆಟ್ಟಿಲು ಹೆಚ್ಚುತ್ತಿರುವಂತೆ ತೋರಿತು. ಕೊನೆಯ ತಿರುವಿನಲ್ಲಿ ಥಟ್ಟನೆ ಆಕಾಶಕ್ಕೆ ಎದ್ದು ನಿಂತಂತೆ ಕೆಂಪು ಬಣ್ಣದ ಮಹಾದ್ವಾರ. ಇದಕ್ಕೆ ದೈಮೊನ್ ಎಂದು ಹೆಸರು. ಈಗಿನ ಕಟ್ಟಡವು ೧೭೦೫ರದು. ಎರಡು ಅಂತಸ್ತು, ೨೫ ಮೀಟರು ಎತ್ತರ. ಬಾಗಿಲಿನ ಇಕ್ಕೆಲಗಳಲ್ಲಿ, ನಮ್ಮ ದೇವಸ್ಥಾನಗಳಲ್ಲಿ ಜಯವಿಜಯರು ನಿಲ್ಲುವಂತೆ, ಮರದಲ್ಲಿ ಕಡೆದ ಇಬ್ಬರು ದ್ವಾರಪಾಲಕರು. ಒಬ್ಬನು ಬಾಯನ್ನು ತೆರೆದಿರುವನು, ಇನ್ನೊಬ್ಬನು ಬಿಗಿಯಾಗಿ ಮುಚ್ಚಿರುವನು.

ಮೊಮ್ಮಗಳು, “ಅವನೇಕೆ ಬಾಯಿ ತೆರೆದಿದ್ದಾನೆ?” ಎಂದು ಕೇಳಿತು. ತೆರೆದವನು ‘ಅ’ ಎನ್ನುತ್ತಾನೆ, ಮುಚ್ಚಿದವನು ‘ಹೂಂ’ ಎನ್ನುತ್ತಾನೆ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಇರುವುದೆಲ್ಲವೂ ಅವರಿಬ್ಬರ ನಡುವೆ ಅಡಗಿದೆ ಎಂದು ನಾವು ಹೇಳಿದೆವು. ಜಪಾನೀಯರು ಇವರನ್ನು ‘ಅ-ಉನ್’ ಎಂದು ಕರೆಯುವರು. ಮನಸ್ಸು ಮನಸ್ಸಿಗೆ ಮಾತಿಲ್ಲದೆ ಹೊಂದಿದ ಇಬ್ಬರನ್ನು ಕುರಿತು ‘ಅ-ಉನ್ನಿನ ಉಸಿರು’ ಎಂಬ ನುಡಿಗಟ್ಟೂ ಅವರ ಮಾತಿನಲ್ಲಿ ಇದೆ. ಮಗುವು ಸ್ವಲ್ಪ ಯೋಚಿಸಿ, “ಆದರೆ ‘ಅ’ ನಮ್ಮ ಸ್ಕೂಲಿನ ಅಕ್ಷರ” ಎಂದಿತು. ಹಾಗಾದರೆ ನಿಮ್ಮ ಸ್ಕೂಲಿನ ಅಕ್ಷರಗಳನ್ನು ಹೇಳು ಎಂದೆವು. ಮಗುವು ಚಳಿಗೆ ಕೈಗಳನ್ನು ತೋಳಿನೊಳಗೆ ಎಳೆದುಕೊಂಡು, ಅ ಇ ಉ ಎ ಒ ಎಂದು ರಾಗವಾಗಿ ಹೇಳತೊಡಗಿತು.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸ್ವರಗಳು ಅ ಇ ಉ ಎ ಒ. ಅನಂತರ ವ್ಯಂಜನಗಳ ಸಾಲುಗಳು: ಕ, ಸ, ತ, ನ, ಹ, ಮ, ಯ, ರ, ವ. ವರ್ಣಮಾಲೆಯನ್ನು ಬಲ್ಲ ಯಾವ ಕನ್ನಡಿಗನಿಗೂ ಈ ಕ್ರಮವು ಹೊಸದಲ್ಲ. ಮೊದಲು ಕಂಠದ ಕಕಾರ. ಚವರ್ಗದ ಸ್ಥಾನದಲ್ಲಿ ಅವರಿಗೆ ಸಕಾರ. ಬಳಿಕ ದಂತ್ಯವಾದ ತಕಾರ, ಅದರ ಅನುನಾಸಿಕವಾದ ನಕಾರ. ಪವರ್ಗದ ಸ್ಥಾನದಲ್ಲಿ ಹಕಾರ. ಏಕೆಂದರೆ ಈಗಿನ ಹಕಾರವು ಪೂರ್ವಕಾಲದಲ್ಲಿ ಪಕಾರವಾಗಿದ್ದಿತೆಂದು ಭಾಷಾಶಾಸ್ತ್ರಜ್ಞರು ತೋರಿಸಿರುವರು. ಅದರ ಹಿಂದೆ ಓಷ್ಠ್ಯದ ಅನುನಾಸಿಕ ಮಕಾರ. ಕೊನೆಗೆ ನಮ್ಮಲ್ಲಿಯಂತೆಯೇ ಯ, ರ, ವ. ಸಿದ್ಧಂ ಕಲಿತ ಭಿಕ್ಷುಗಳ ವಿದ್ಯೆಯಿಂದಲೇ ಜಪಾನಿನ ಅಕ್ಷರಗಳಿಗೆ ಈ ಕ್ರಮವು ಬಂದಿತು. ಅಲ್ಲಿಯ ಮಕ್ಕಳು ಇಂದಿಗೂ ಪಾಠಶಾಲೆಯಲ್ಲಿ ಕಲಿಯುವುದು ಇದನ್ನೇ. ನಿಘಂಟುಗಳು ಶಬ್ದಗಳನ್ನು ಜೋಡಿಸುವುದೂ ಈ ಕ್ರಮದಲ್ಲಿಯೇ. ಮಗುವಿಗೆ ನಾವು ಇದನ್ನೆಲ್ಲ ವಿವರಿಸಲಿಲ್ಲ. ಅದು ‘ಯ ರ ವ’ ಎಂದು ಮುಗಿಸುವ ಹೊತ್ತಿಗೆ ನಾವೂ ಜೊತೆಯಲ್ಲಿ ಹೇಳುತ್ತಿದ್ದೆವು. “ಅಜ್ಜನಿಗೆ ಹೇಗೆ ಬರುತ್ತದೆ?” ಎಂದು ಮಗುವು ತಾಯಿಯನ್ನು ಕೇಳಿತು. “ಅಜ್ಜನೂ ಚಿಕ್ಕಂದಿನಲ್ಲಿ ಇದನ್ನೇ ಕಲಿತದ್ದು” ಎಂದು ನಮ್ಮ ಮಗಳು ಹೇಳಿದಳು.

ಓಕುನೊಇನ್ ಎಂಬುದು ಬೆಟ್ಟದ ಅತ್ಯಂತ ಪವಿತ್ರವಾದ ಭಾಗ. ಮೊದಲ ಸೇತುವೆಯಿಂದ ಕೂಕಾಯನ ಸಮಾಧಿಯವರೆಗೆ ಎರಡು ಕಿಲೋಮೀಟರು ದಾರಿ. ದಾರಿಯ ಉದ್ದಕ್ಕೂ ಶತಮಾನಗಳ ವಯಸ್ಸಿನ ಸುಗಿ ಮರಗಳು, ಮರಗಳ ಕೆಳಗೆ ಎರಡು ಲಕ್ಷಕ್ಕೂ ಮಿಕ್ಕ ಸಮಾಧಿಗಳೂ ಸ್ಮಾರಕಗಳೂ. ಮನೆಯಾಕೆಗೆ ಮೊಣಕಾಲಿನ ನೋವಾದ್ದರಿಂದ ನಾವು ನಡುವಣ ಸೇತುವೆಯ ಬಳಿ ಮೋಟಾರನ್ನು ನಿಲ್ಲಿಸಿ ಅರ್ಧದಾರಿಯನ್ನು ಮಾತ್ರ ನಡೆದೆವು. ಪಾಚಿ ಮುಸುಕಿದ ಕಲ್ಲುಗಳ ಮಧ್ಯೆ ಹೆಚ್ಚಾಗಿ ಕಾಣುವುದು ಗೊರಿಂತೊ ಎಂಬ ಐದಂತಸ್ತಿನ ಸ್ತೂಪ. ಕೆಳಗೆ ಚೌಕ, ಅದು ಪೃಥಿವಿ, ಮೇಲೆ ಗೋಲ, ಅದು ಜಲ, ತ್ರಿಕೋಣ, ತೇಜಸ್ಸು, ಅರ್ಧಚಂದ್ರ, ವಾಯು, ನೆತ್ತಿಯಲ್ಲಿ ಮಣಿ, ಅದು ಆಕಾಶ. ಐದಕ್ಕೂ ಕ್ರಮವಾಗಿ ಅ, ವ, ರ, ಹ, ಖ ಎಂಬ ಐದು ಬೀಜಾಕ್ಷರಗಳು. ಸತ್ತವನ ದೇಹವು ಪಂಚಭೂತಗಳಲ್ಲಿ ಲೀನವಾಯಿತೆಂದು ನಾವು ಬಾಯಲ್ಲಿ ಹೇಳುವುದನ್ನು ಅವರು ಕಲ್ಲಿನಲ್ಲಿ ಕಟ್ಟಿ ನಿಲ್ಲಿಸಿರುವರು. ಕಲ್ಲಲ್ಲದೆ ಉದ್ದನೆಯ ಮರದ ಹಲಗೆಯೂ ಉಂಟು. ಅದರ ಹೆಸರು ಸೊತೊಬ, ನಮ್ಮ ‘ಸ್ತೂಪ’ ಶಬ್ದವೇ. ಅದರ ಮೇಲೂ ಕುಂಚದಿಂದ ಬರೆದ ಅದೇ ಅಕ್ಷರಗಳು. ಸಮಾಧಿಯ ಮುಂದೆ ಹರಿಯುವ ತಾಮಾಗಾವಾ ಹೊಳೆಯ ನೀರಿನೊಳಗೂ ಅಂತಹ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ನೀರು ಅಕ್ಷರಗಳನ್ನು ತೊಳೆಯುತ್ತಾ ಹೋಗುತ್ತಿದ್ದಿತು.

ಆ ಬನದಲ್ಲಿ ಶತ್ರುಗಳೂ ನೆರೆಹೊರೆಯವರಾಗಿರುವರು. ಓದಾ ನೊಬುನಾಗಾ ಎಂಬ ದಂಡನಾಯಕನು ೧೫೮೧ರಲ್ಲಿ ಈ ಬೆಟ್ಟದ ಮೇಲೆಯೇ ಸೈನ್ಯವನ್ನು ಕಳುಹಿಸಿದವನು. ಮರುವರ್ಷ ಅವನ ಸಾಮಂತನಾದ ಅಕೇಚಿ ಮಿತ್ಸುಹಿದೆಯು ತಿರುಗಿಬಿದ್ದು ಅವನ ಸಾವಿಗೆ ಕಾರಣನಾದನು. ಇಬ್ಬರ ಸ್ಮಾರಕಗಳೂ ಇದೇ ಮರಗಳ ಕೆಳಗೆ ಇವೆ. ಬೆಟ್ಟವನ್ನು ಮುತ್ತಿದವನಿಗೆ ಜಾಗ ದೊರೆಯಿತು, ಸ್ವಾಮಿದ್ರೋಹಿಗೂ ದೊರೆಯಿತು. ಇನ್ನೊಂದು ವಿಚಿತ್ರವನ್ನು ಹೇಳಬೇಕು. ಇಲ್ಲಿಯ ಗೊರಿಂತೊಗಳಲ್ಲೆಲ್ಲ ಅತ್ಯುನ್ನತವಾದುದು ಒಬ್ಬ ಸ್ತ್ರೀಯದು. ತೊಕುಗಾವಾ ವಂಶದ ಎರಡನೆಯ ಶೋಗುನನ ಪತ್ನಿ ಸೂಗೆನ್-ಇನ್ ಎಂಬಾಕೆಗಾಗಿ ಅವಳ ಮಗನು ಅದನ್ನು ಎತ್ತಿಸಿದನು, ಎತ್ತರ ೬.೬ ಮೀಟರು. ಬದುಕಿರುವವರೆಗೆ ಈ ಬೆಟ್ಟಕ್ಕೆ ಕಾಲಿಡಲಾಗದವಳ ಹೆಸರಿನಲ್ಲಿ ಬೆಟ್ಟದ ಅತಿ ದೊಡ್ಡ ಕಲ್ಲು ನಿಂತಿದೆ.

ಹತ್ತೂವರೆ ಗಂಟೆಗೆ ಹಳದಿಯ ವಸ್ತ್ರವನ್ನುಟ್ಟ ಭಿಕ್ಷುಗಳು ಒಂದು ಮರದ ಪೆಟ್ಟಿಗೆಯನ್ನು ಹೊತ್ತು ಬಂದರು. ಅದು ಕೂಕಾಯನ ಭೋಜನ. ಆಚಾರ್ಯನು ಸತ್ತಿಲ್ಲ, ಮೈತ್ರೇಯನ ಅವತಾರವನ್ನು ಎದುರುನೋಡುತ್ತ ಧ್ಯಾನದಲ್ಲಿರುವನು ಎಂಬುದು ಅವರ ನಂಬಿಕೆ. ಆದ್ದರಿಂದ ಬೆಳಗಿನ ಆರು ಗಂಟೆಗೆ ಒಂದು ಸಾರಿ, ಹತ್ತೂವರೆಗೆ ಒಂದು ಸಾರಿ, ದಿನವೂ ಊಟವನ್ನು ಒಯ್ಯುವರು. ನಮಗೆ ನೈವೇದ್ಯವು ಹೊಸತಲ್ಲ. ಆದರೆ ಒಬ್ಬ ಗುರುವಿಗೆ ಇಷ್ಟು ಶತಮಾನಗಳ ಕಾಲ, ಮಳೆಯಿರಲಿ ಮಂಜಿರಲಿ, ಬಿಸಿಯಾದ ಊಟವನ್ನು ನಿಲ್ಲಿಸದೆ ಒಯ್ದಿರುವ ಶಿಷ್ಯರನ್ನು ನೋಡಿ ಅಧ್ಯಾಪಕವೃತ್ತಿಯವರಾದ ನಮ್ಮ ಕಣ್ಣು ತೇವವಾಯಿತು. ಕೊನೆಯ ಸೇತುವೆಯನ್ನು ದಾಟಿದ ಬಳಿಕ ಚಿತ್ರ ತೆಗೆಯುವುದು ನಿಷಿದ್ಧ. ಅಳಿಯನು ತನ್ನ ಯಂತ್ರವನ್ನು ಜೇಬಿಗೆ ಸೇರಿಸಿದನು.

ಸಮಾಧಿಯ ಮುಂದಿರುವುದು ದೀಪಮಂದಿರ, ತೋರೋದೋ. ಚಾವಣಿಯಿಂದ ನೆಲದವರೆಗೆ ಸಾವಿರಾರು ದೀಪಗಳು. ಅವುಗಳಲ್ಲಿ ಎರಡು ಸಾವಿರ ವರ್ಷಗಳ ಹತ್ತಿರ ಆರದೆ ಉರಿಯುತ್ತಿವೆಯೆಂದು ಹೇಳುವರು. ಒಂದು ಶಿರಾಕಾವಾ ಚಕ್ರವರ್ತಿಯದು. ಮತ್ತೊಂದನ್ನು ಕುರಿತು ಜನರು ಹೇಳುವ ಕಥೆ ಬೇರೆ: ಒಬ್ಬ ಬಡ ಹುಡುಗಿಯು ತನ್ನನ್ನು ಸಾಕಿದ ತಂದೆತಾಯಿಗಳ ಸದ್ಗತಿಗಾಗಿ ತನ್ನ ತಲೆಗೂದಲನ್ನು ಮಾರಿ ಆ ಹಣದಿಂದ ಈ ದೀಪವನ್ನು ಕೊಟ್ಟಳಂತೆ. ಹುಡುಗಿಯು ಮೇಲಕ್ಕೆ ಬರುವಂತಿರಲಿಲ್ಲ. ದೀಪವು ಬಂದಿತು.

ಅಲ್ಲಿಂದ ಹಿಂದಿರುಗಿ ಪಟ್ಟಣದ ಒಂದು ಊಟದ ಮನೆಯಲ್ಲಿ ಭಿಕ್ಷುಗಳ ಕ್ರಮದ ಸಾತ್ವಿಕಾಹಾರವನ್ನು ಉಂಡೆವು. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಎಳ್ಳನ್ನು ಅರೆದು ಗೆಡ್ಡೆಯ ಹಿಟ್ಟಿನೊಡನೆ ಕಾಯಿಸಿ ಹೆಪ್ಪುಗಟ್ಟಿಸಿದ ಒಂದು ಪದಾರ್ಥ, ಚಳಿಯಲ್ಲಿ ಗಡ್ಡೆಕಟ್ಟಿಸಿ ಒಣಗಿಸಿದ ಸೋಯಾ ಗಿಣ್ಣು, ಅನ್ನ, ಉಪ್ಪಿನಕಾಯಿ. ಎರಡು ವಾರಗಳಿಂದ ಹೊರಗಿನ ಊಟಕ್ಕೆ ಹೆದರಿದ್ದ ಮನೆಯಾಕೆಯು ಅಂದು ನಿಶ್ಶಂಕೆಯಾಗಿ ಉಂಡಳು. ಮಧ್ಯಾಹ್ನ ಮಹಾಸ್ತೂಪವನ್ನು ನೋಡಿದೆವು. ಹಲವು ಸಾರಿ ಸುಟ್ಟು, ಈಗಿನದು ೧೯೩೭ರಲ್ಲಿ ಎದ್ದದ್ದು, ೪೮.೫ ಮೀಟರು ಎತ್ತರ. ಒಳಗೆ ಮಹಾವೈರೋಚನನ ಹೊನ್ನಿನ ವಿಗ್ರಹ. ಅಂಗಳದಲ್ಲಿ ಸಾಕುರಾ ಮರಗಳು ತುಂಬಿ ನಿಂತಿದ್ದುವು. ಗಾಳಿಯಿಲ್ಲದಿದ್ದರೂ ಒಂದೊಂದು ಎಸಳು ತಾನಾಗಿ ಕಳಚಿ ಬೀಳುತ್ತಿತ್ತು. ಈ ಬೆಟ್ಟವು ೨೦೦೪ರಿಂದ ವಿಶ್ವಪರಂಪರೆಯ ತಾಣಗಳಲ್ಲಿ ಒಂದು. ಜನಸಂದಣಿಯಿತ್ತು, ಆದರೆ ಕೂಗಾಟವಿರಲಿಲ್ಲ.

ಹೊರಡುವ ಮುನ್ನ ಊರಿನ ಅಂಚಿನಲ್ಲಿರುವ ಒಂದು ಸಣ್ಣ ಮನೆಗೆ ಕರೆದುಕೊಂಡು ಹೋಗ ಹೇಳಿದವಳು ನಮ್ಮ ಮನೆಯಾಕೆ. ಅದರ ಹೆಸರು ನ್ಯೊನಿನ್-ದೊ, ಸ್ತ್ರೀಯರ ಮಂದಿರ. ಹಿಂದೆ ಬೆಟ್ಟಕ್ಕೆ ಏಳು ದಾರಿಗಳಿದ್ದುವು. ಪ್ರತಿಯೊಂದರ ಬಾಗಿಲಿನಲ್ಲಿಯೂ ಇಂತಹ ಒಂದು ಮಂದಿರ. ಎಲ್ಲೆಲ್ಲಿಂದಲೋ ನಡೆದು ಬಂದ ಹೆಂಗಸರು ಇಲ್ಲಿಯವರೆಗೆ ಬಂದು ರಾತ್ರಿ ಪ್ರಾರ್ಥನೆ ಮಾಡಿ, ಬೆಟ್ಟದ ಏಣುಗಳ ಮೇಲಿನ ಸುತ್ತುದಾರಿಯಲ್ಲಿ ನಡೆಯುತ್ತ ಕೆಳಗಿನ ಆಲಯಗಳನ್ನು ದೂರದಿಂದ ನೋಡಿ ಹಿಂದಿರುಗುತ್ತಿದ್ದರು. ೧೮೭೨ರಲ್ಲಿ ಸರ್ಕಾರವು ಈ ನಿಷೇಧವನ್ನು ತೆಗೆಯಿತು. ಆದರೂ ಬೆಟ್ಟದ ಮೇಲೆ ಅದು ಪೂರ್ತಿಯಾಗಿ ಹೋಗಲು ಮತ್ತೆ ಮೂವತ್ತು ವರ್ಷಗಳಿಗೂ ಮೇಲೆ ಹಿಡಿಯಿತು. ಏಳರಲ್ಲಿ ಈಗ ಉಳಿದಿರುವುದು ಇದೊಂದೇ. ಒಳಗೆ ವೈರೋಚನನ ಜೊತೆಯಲ್ಲಿ ಬೆನ್‌ಜೈತೆನ್ ದೇವತೆಯ ಪೂಜೆ. ಆ ದೇವತೆಯು ಯಾರು? ನಮ್ಮ ಸರಸ್ವತಿ. ಅಕ್ಷರಗಳ ಅಧಿದೇವತೆಯು ಅಕ್ಷರಗಳ ಬೆಟ್ಟದ ಬಾಗಿಲಿನ ಹೊರಗೆ, ಹೆಂಗಸರೊಡನೆ ಕುಳಿತಿದ್ದಳು.

ಅಲ್ಲಿ ನಮಗೆ ನಮ್ಮ ಅಕ್ಕನು ಕಣ್ಣಿಗೆ ಕಟ್ಟಿದಂತಾದಳು. ನಮಗಿಂತ ಐದು ವರ್ಷ ದೊಡ್ಡವಳು. ನಮ್ಮ ಬಾಲ್ಯದಲ್ಲಿ ಊರಿನ ಗುರುಗಳೊಬ್ಬರ ನಡುಮನೆಯಲ್ಲಿ ಬೆಳಗಿನ ಸಂಸ್ಕೃತಪಾಠ. ಹತ್ತು ಹನ್ನೆರಡು ಹುಡುಗರು. ಅಕ್ಕನಿಗೆ ಓದುವ ಆಸೆಯಿತ್ತು. ತಂದೆಯವರು ಕೇಳಿಯೂ ನೋಡಿದರು. “ಹೆಣ್ಣುಮಕ್ಕಳನ್ನು ಕೂಡಿಸುವ ಪದ್ಧತಿ ನಮ್ಮಲ್ಲಿಲ್ಲ” ಎಂದು ಉತ್ತರ ಬಂದಿತು. ಅಕ್ಕ ಮರುಮಾತಾಡಲಿಲ್ಲ. ಪ್ರತಿದಿನವೂ ನಮ್ಮನ್ನು ಕರೆದೊಯ್ಯುವ ನೆಪದಲ್ಲಿ ಬಂದು, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕುಳಿತು ಹೂ ಕಟ್ಟುತ್ತಿದ್ದಳು. ವರ್ಷಾವಧಿಯಲ್ಲಿ ಅಮರಕೋಶದ ಮೂರು ಕಾಂಡಗಳೂ ಅವಳಿಗೆ ಬಾಯಿಗೆ ಬಂದುವು. ರಾತ್ರಿ ದೀಪದ ಮುಂದೆ ನಾವು ತಡವರಿಸಿದರೆ ಅಡಿಗೆಮನೆಯಿಂದ ಮುಂದಿನ ಪದವು ಕೇಳಿಬರುತ್ತಿತ್ತು. ನಮ್ಮ ಸಂಸ್ಕೃತದಲ್ಲಿ ಅರ್ಧವು ನಡುಮನೆಯದು, ಅರ್ಧವು ಆ ಅಡಿಗೆಮನೆಯದು. ಅವಳು ಮದುವೆಯಾಗಿ ಹೋದ ಊರಿನಲ್ಲಿ, ತನ್ನ ಮನೆಯ ಜಗಲಿಯಲ್ಲಿ, ಬೀದಿಯ ಮಕ್ಕಳಿಗೆಲ್ಲ ನಲವತ್ತು ವರ್ಷ ಅಕ್ಷರವನ್ನು ತಿದ್ದಿಸಿದಳು. ಯಾವ ಜಾತಿಯವರು, ಗಂಡೋ ಹೆಣ್ಣೋ ಎಂದು ಒಮ್ಮೆಯೂ ಕೇಳಲಿಲ್ಲ.

ಮೊಮ್ಮಗಳು ಮಂದಿರದ ಮೆಟ್ಟಿಲ ಮೇಲೆ ಕುಳಿತು, “ಅವರನ್ನು ಒಳಗೆ ಏಕೆ ಬಿಡಲಿಲ್ಲ?” ಎಂದು ಕೇಳಿತು. ನಾವು ಉತ್ತರವನ್ನು ಹುಡುಕುತ್ತಿರುವಾಗಲೇ ಮನೆಯಾಕೆಯು ಮಗುವಿನ ಪಕ್ಕದಲ್ಲಿ ಕುಳಿತು, ದೊಡ್ಡಜ್ಜಿಯ ಕಥೆಯನ್ನು ಆದ್ಯಂತವಾಗಿ ಹೇಳಿದಳು. ಕಿಟಕಿಯನ್ನೂ, ಹೂವಿನ ಬುಟ್ಟಿಯನ್ನೂ, ಅಡಿಗೆಮನೆಯಿಂದ ಬರುತ್ತಿದ್ದ ಪದವನ್ನೂ. ಮಗುವು ಕೇಳಿ ಮುಗಿಸಿ, “ದೊಡ್ಡಜ್ಜಿ ಅಮ್ಮನಿಗೆ ಯಾವ ಅಕ್ಷರ ಬರೆಯಿಸಿದಳು?” ಎಂದಿತು. ಆಕೆಯು ನೆಲದ ಮೇಲಿನ ಸಣ್ಣ ಮರಳಿನಲ್ಲಿ ಬೆರಳಿನಿಂದ ಕನ್ನಡದ ‘ಅ’ ಬರೆದಳು. ಮಗುವು ಅದರ ಪಕ್ಕದಲ್ಲಿ ತನ್ನ ಸ್ಕೂಲಿನ ‘ಅ’ ಬರೆಯಿತು. ಬಳಿಕ ನಮ್ಮ ಮುಖವನ್ನು ನೋಡಿ, “ಬಾಗಿಲಿನವನದು?” ಎಂದಿತು. ನಾವು ಬಾಗಿ ಸಿದ್ಧಂ ಲಿಪಿಯ ಅಕಾರವನ್ನು ಬರೆದೆವು. ಮೂರೂ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಇದ್ದುವು. ಮಗುವು ಅಜ್ಜಿಯ ಅಕ್ಷರದ ಮೇಲೆ ತನ್ನ ಬೆರಳನ್ನಿಟ್ಟು ತಿದ್ದಿತು; ಮತ್ತೆ ತಿದ್ದಿತು. ಬೇಡವೆಂಬ ಮಾತು ಬರಲಿಲ್ಲ.

ಕೋಯಾದ ಭಿಕ್ಷುಗಳು ಅಕಾರವನ್ನು ಕಮಲದ ಮೇಲೆ, ಚಂದ್ರಬಿಂಬದೊಳಗೆ ಬರೆದು ಅದರ ಮುಂದೆ ಕುಳಿತು ಧ್ಯಾನ ಮಾಡುವರು. ‘ಆದಿಯಲ್ಲಿಯೇ ಹುಟ್ಟದುದು’ ಎಂದು ಅದಕ್ಕೆ ಅವರು ಹೇಳುವ ಅರ್ಥ. ಅಕ್ಷರ ಎಂಬ ನಮ್ಮ ಶಬ್ದಕ್ಕೂ ‘ನಾಶವಾಗದುದು’ ಎಂದೇ ಅರ್ಥ. ಆದರೆ ಅಕ್ಷರವು ತಾನಾಗಿ ನಾಶವಾಗದೆ ಉಳಿಯುವುದಿಲ್ಲವೆಂಬುದನ್ನು ಸಿದ್ಧಂ ಲಿಪಿಯೇ ಹೇಳುತ್ತದೆ. ಹುಟ್ಟಿದ ಮನೆಯಲ್ಲಿ ಅದು ಮರೆತುಹೋಯಿತು. ಸಮುದ್ರದಾಚೆ, ಅದರ ಭಾಷೆಯನ್ನು ಆಡದ ಜನರು ಅದನ್ನು ಪ್ರತಿದಿನವೂ ಬರೆದದ್ದರಿಂದ ಉಳಿಯಿತು. ಆದಕಾರಣ ಮಿತ್ರರ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ಬೀಜವು ನಮ್ಮದಾಗಿರಬಹುದು, ಹನ್ನೆರಡು ನೂರು ವರ್ಷಗಳ ನೀರು ಅವರದು. ಹಾಗೆಯೇ ನಮ್ಮ ಮನೆಯೊಳಗಿನ ವಿದ್ಯೆಗೂ ನೀರೆರೆದವರು ಒಳಗೆ ಕುಳಿತವರಷ್ಟೇ ಅಲ್ಲ.

ಈಗ ಪ್ರತಿ ಭಾನುವಾರ ಸಾಯಂಕಾಲ ದೂರವಾಣಿಯ ತೆರೆಯ ಮೇಲೆ ಮೊಮ್ಮಗಳ ಮುಖವು ಮೂಡುವುದು. ಪಾಟಿಯು ಓಸಾಕಾದಲ್ಲಿಯೇ ಉಳಿದಿದೆ. ಕಾಗುಣಿತವು ಕಕಾರವನ್ನು ಮುಗಿಸಿ ಗಕಾರಕ್ಕೆ ಬಂದಿದೆ. ಅದೇ ಹೊತ್ತಿಗೆ ಮನೆಗೆ ಹೂ ಕೊಡಲು ಬರುವಾಕೆಯ ಮಗಳೊಬ್ಬಳು, ಒಂಬತ್ತು ವರ್ಷದವಳು, ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಹೊಸ್ತಿಲ ಆಚೆ ನಿಂತು ನಮ್ಮ ಪಾಠವನ್ನು ಕೇಳುತ್ತಿದ್ದಳು. ಪಾಠಶಾಲೆಗೆ ಹೋಗುವ ಹುಡುಗಿಯೇ, ಅಕ್ಷರವು ಬಲ್ಲದು. ಕೇಳುತ್ತಿದ್ದುದು ನಾವು ನಡುನಡುವೆ ಹೇಳುವ ಶ್ಲೋಕಗಳನ್ನು. ಮೂರನೆಯ ಭಾನುವಾರ ನಮ್ಮ ಮನೆಯಾಕೆಯು ಒಳಗಿನಿಂದ ಒಂದು ಮಣೆಯನ್ನು ತಂದು ನಮ್ಮ ಎದುರಿಗೆ ಹಾಕಿ, ಆ ಹುಡುಗಿಯ ಕೈಯಿಂದ ಬುಟ್ಟಿಯನ್ನು ತಾನು ತೆಗೆದುಕೊಂಡಳು.